ಕೂತ್ಕೊಳ್ಳಿ ಸಾಹೇಬರು ಸುಮ್ಮನಿದ್ದ ದಿನ

ಮೀನುಗಾರಿಕೆ ಇಲಾಖೆಯ ಆ ಇನ್ಸ್‌ಪೆಕ್ಟರಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇತ್ತು. ಆದರೆ ಅದು ಸಂಬಳದ ಚೀಟಿಯಲ್ಲಿ ಮಾತ್ರ ಬದುಕಿತ್ತು. ದೋಣಿಕಟ್ಟೆಯಲ್ಲಿ ಅವರು ಎಲ್ಲರಿಗೂ ಕೂತ್ಕೊಳ್ಳಿ ಸಾಹೇಬರು. ರಜೆಯ ದಿನ ಹವ್ಯಾಸಕ್ಕೆಂದು ಸಮುದ್ರಕ್ಕೆ ಹೋಗಿ ಗಾಳ ಹಾಕುವವರ ದೋಣಿಗಳನ್ನು ತಪಾಸಣೆ ಮಾಡುವುದು ಅವರ ಕೆಲಸ. ಪರವಾನಗಿ ಇದೆಯೇ, ಹಿಡಿದ ಮೀನು ಅಳತೆಗಿಂತ ಚಿಕ್ಕದೇ, ಮಿತಿಗಿಂತ ಹೆಚ್ಚು ಹಿಡಿದಿದ್ದಾರೆಯೇ, ಇಷ್ಟು ನೋಡಬೇಕು. ನೋಡುವುದಕ್ಕೆ ಮೊದಲು, ಇನ್ನೂ ಐವತ್ತು ಮಾರು ದೂರ ಇರುವಾಗಲೇ, ಎರಡೂ ಅಂಗೈಗಳನ್ನು ಬಾಯಿಯ ಅಕ್ಕಪಕ್ಕ ಹಿಡಿದು ಅವರು ಕೂಗುತ್ತಿದ್ದರು: "ಕೂತ್ಕೊಳ್ಳಿ, ಕೂತ್ಕೊಳ್ಳಿ. ಯಾರೂ ಏಳ್ಬೇಡಿ. ನಾವೇ ಬರ್ತೀವಿ."

ಇದಕ್ಕೆ ಕಾರಣವಿತ್ತು. ಯೂನಿಫಾರ್ಮು ಹತ್ತಿರ ಬಂದರೆ ಮನುಷ್ಯ ತನಗೆ ಗೊತ್ತಿಲ್ಲದೆಯೇ ಎದ್ದು ನಿಲ್ಲುತ್ತಾನೆ. ಶಾಲೆಯಲ್ಲಿ ಮೇಷ್ಟ್ರು ಬಂದಾಗ ಎದ್ದು ನಿಂತ ಅಭ್ಯಾಸ ಸಾಯುವವರೆಗೆ ಕಾಲಿಗೆ ಅಂಟಿಕೊಂಡಿರುತ್ತದೆ. ನೆಲದ ಮೇಲೆ ಅದು ಮರ್ಯಾದೆ. ಹನ್ನೆರಡು ಅಡಿಯ ದೋಣಿಯಲ್ಲಿ ಅದು ಅಪಾಯ. ಸಾಹೇಬರು ಗಾರ್ಡ್ ಆಗಿ ಕೆಲಸಕ್ಕೆ ಸೇರಿದ ಮೊದಲ ತಿಂಗಳಲ್ಲೇ ಒಂದು ದೋಣಿಯಲ್ಲಿದ್ದ ಮೂವರು ಅಣ್ಣತಮ್ಮಂದಿರು ಮೇಲಧಿಕಾರಿಯ ಕೈ ಹಿಡಿದು ಹತ್ತಿಸಿಕೊಳ್ಳಲು ಒಟ್ಟಿಗೆ ಎದ್ದು ಒಂದೇ ಬದಿಗೆ ಬಂದರು. ದೋಣಿ ಮಗುಚಿತು. ಪುಣ್ಯಕ್ಕೆ ಯಾರೂ ಸಾಯಲಿಲ್ಲ, ಬುತ್ತಿಯ ಡಬ್ಬಿಯೊಂದು ಹೋಯಿತು. ಆಗ ಒದ್ದೆಮುದ್ದೆಯಾಗಿದ್ದ ಮೇಲಧಿಕಾರಿ ಹೇಳಿದ ಮಾತು: "ನೀರಿನ ಮೇಲೆ ಮರ್ಯಾದೆ ಅಂದ್ರೆ ಕೂತಿರೋದು ಕಣಯ್ಯ. ಅದನ್ನ ಅವರಿಗೆ ಹೇಳಿಕೊಡೋದು ನಮ್ಮ ಕೆಲಸ."

ಸಾಹೇಬರು ಆ ಮಾತನ್ನು ಇಪ್ಪತ್ತಾರು ವರ್ಷ ಪಾಲಿಸಿದರು. ಗಾಳಿ ನೋಡಿಕೊಂಡು ನಿಧಾನವಾಗಿ ಹತ್ತಿರ ಹೋಗುವುದು. "ಎಂಜಿನ್ ಪೂರ್ತಿ ಆರಿಸ್ಬೇಡಿ, ಮೂತಿ ಅಲೆ ಕಡೆಗೇ ಇರಲಿ" ಎನ್ನುವುದು. ಹತ್ತುವ ಮೊದಲು "ಬರಬಹುದಾ?" ಎಂದು ಕೇಳುವುದು. ಕಾನೂನಿನ ಪ್ರಕಾರ ಕೇಳುವ ಅಗತ್ಯವೇ ಇಲ್ಲ. ಆದರೂ ಇನ್ನೊಬ್ಬರ ದೋಣಿ ಎಂದರೆ ಇನ್ನೊಬ್ಬರ ಮನೆ ಎಂದು ಅವರ ಲೆಕ್ಕ. ದೋಣಿಯ ಬಣ್ಣ ಕೆಡಬಾರದೆಂದು ಬಿಳಿ ಅಡಿಯ ಬಟ್ಟೆ ಬೂಟು ಹಾಕುತ್ತಿದ್ದರು. ಚಿಕ್ಕ ಮೀನು ಇನ್ನೂ ಜೀವಂತ ಇದ್ದರೆ ಕೈ ಒದ್ದೆ ಮಾಡಿಕೊಂಡು ಹಿಡಿದು ನೀರಿಗೆ ಬಿಡುತ್ತಿದ್ದರು. ಇಷ್ಟೆಲ್ಲ ಮಾಡಿದ ಮೇಲೆ ದಂಡ ಹಾಕಬೇಕಾದರೆ ಹಾಕಿಯೇ ಹಾಕುತ್ತಿದ್ದರು. ಮಾತು ಬೆಣ್ಣೆ, ಕೆಲಸ ಕಬ್ಬಿಣ.

ಒಮ್ಮೆ ಒಬ್ಬ ಧಡೂತಿ ಆಸಾಮಿ ಮೀನಿನ ಪೆಟ್ಟಿಗೆಯ ಮೇಲೆಯೇ ಅಂಡೂರಿ ಕೂತಿದ್ದ. ಪೆಟ್ಟಿಗೆ ತೆರೆಯಬೇಕು ಎಂದರೆ ಅಲ್ಲಾಡಲಿಲ್ಲ.

"ನೀವೇ ತಾನೇ ಸಾಹೇಬ್ರೇ, ಏಳ್ಬೇಡಿ ಅಂತ ಕೂಗಿದ್ದು? ಅಧಿಕಾರಿಗಳ ಮಾತು ಮೀರೋದು ಹೇಗೆ?"

"ಮೀರೋದು ಬೇಡಪ್ಪ," ಎಂದರು ಸಾಹೇಬರು. "ಕೂತ್ಕೊಂಡೇ ಸ್ವಲ್ಪ ಆ ಕಡೆ ಸರಿ. ನಿನ್ನ ಕೆಳಗಿರೋ ಮೀನಿಗೂ ಉಸಿರು ಕಟ್ಟಿರುತ್ತೆ."

ದಂಡ ಕಟ್ಟಿದ ಮೇಲೂ ಆ ಮನುಷ್ಯ ಈ ಕತೆಯನ್ನು ತಾನೇ ಊರೆಲ್ಲ ಹೇಳಿಕೊಂಡು ತಿರುಗಿದ. ಸಾಹೇಬರ ಮನೆಯಲ್ಲಿ ಹೆಂಡತಿಯ ತಮಾಷೆ ಬೇರೆ. ಮಗಳನ್ನು ನೋಡಲು ಬೀಗರಾಗುವವರು ಬಂದ ದಿನ, ಅವರು ಇನ್ನೂ ಗೇಟಿನ ಹೊರಗೆ ಚಪ್ಪಲಿ ಬಿಡುತ್ತಿರುವಾಗಲೇ ಸಾಹೇಬರು ಒಳಗಿನಿಂದ "ಕೂತ್ಕೊಳ್ಳಿ, ಕೂತ್ಕೊಳ್ಳಿ" ಎಂದು ಕೂಗಿದ್ದರಂತೆ. "ಪಾಪ, ಅವರು ಮೆಟ್ಟಿಲ ಮೇಲೇ ಕೂತ್ಬಿಡ್ತಾರೇನೋ ಅಂತ ನನಗೆ ಭಯ ಆಯ್ತು" ಎಂದು ಹೆಂಡತಿ ಸಿಕ್ಕವರಿಗೆಲ್ಲ ಹೇಳಿ ನಗುತ್ತಿದ್ದರು.

ನಿವೃತ್ತಿಗೆ ಒಂದು ವರ್ಷ ಇರುವಾಗ ಇಲಾಖೆಗೆ ಹೊಸ ಮುಖ್ಯಾಧಿಕಾರಿ ಬಂದ. ಈ ಮನುಷ್ಯನಿಗೆ ಬಹುವಚನ ಖರ್ಚು ಮಾಡುವ ಅಗತ್ಯವಿಲ್ಲ. ಸಾಹೇಬರ ಮಗಳ ವಯಸ್ಸಿನವನು, ಇಸ್ತ್ರಿ ಮಾಡಿದ ಕಾಲರು, ಇಸ್ತ್ರಿ ಮಾಡಿದ ಮಾತು. ಅವನ ಕೋಣೆಯಲ್ಲಿ ಗಾಜಿನ ಮೇಜು, ಗೋಡೆಯ ಮೇಲೆ ಯಾವ ಠಾಣೆಯಿಂದ ಎಷ್ಟು ಕೇಸು ಎಂಬ ಪಟ್ಟಿ. ಸಾಹೇಬರ ಠಾಣೆ ಆ ಪಟ್ಟಿಯ ಕೊನೆಯ ಸಾಲಿನಲ್ಲಿತ್ತು.

"ವರ್ಷಕ್ಕೆ ಹನ್ನೊಂದು ಕೇಸು. ನೀವು ತಪಾಸಣೆಗೆ ಹೋಗ್ತೀರೋ, ಬೀಗರ ಮನೆಗೆ ಹೋಗ್ತೀರೋ?"

"ಜನ ನಿಯಮ ಪಾಲಿಸ್ತಾರೆ ಸರ್. ಅದಕ್ಕೇ ಕೇಸು ಕಡಿಮೆ."

"ಪಾಲಿಸಲ್ಲ. ನೀವು ಅಷ್ಟು ದೂರದಿಂದ ಕೂಗಿ ಎಚ್ಚರಿಸ್ತೀರಿ, ಅವರು ಚಿಕ್ಕ ಮೀನನ್ನೆಲ್ಲ ನೀರಿಗೆ ಎಸೀತಾರೆ. ಇನ್ಮೇಲೆ ಆ ಕೂಗಾಟ ನಿಲ್ಲಿಸಿ. ಸದ್ದಿಲ್ಲದೆ ಹೋಗಿ, ವೇಗವಾಗಿ ಹೋಗಿ."

"ಕೂಗದಿದ್ರೆ ಎದ್ದು ನಿಲ್ತಾರೆ ಸರ್."

"ನಿಲ್ಲಲಿ. ಅಧಿಕಾರಿ ಬಂದಾಗ ಎದ್ದು ನಿಂತ್ರೆ ಅವರ ಗಂಟೇನು ಹೋಗುತ್ತೆ?"

ಇಲ್ಲಿ ಸಾಹೇಬರು ಜಗಳವಾಡಬೇಕಿತ್ತು. ಮಗುಚಿದ ಆ ದೋಣಿಯ ಕತೆಯನ್ನಾದರೂ ಹೇಳಬೇಕಿತ್ತು. ಹೇಳಲಿಲ್ಲ. ಇನ್ನೊಂದು ವರ್ಷ ಹೇಗೋ ತಳ್ಳಿದರೆ ಸಾಕು ಅನ್ನಿಸಿತ್ತು. "ಆಯ್ತು ಸರ್" ಎಂದು ಹೊರಗೆ ಬಂದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದುಕೊಂಡವರ ಹಣೆಬರಹವೇ ಇಷ್ಟು, ಕೊನೆಗೆ ಸಾಯುವವರು ಬೇರೆ ಯಾರೋ ಆಗಿರುತ್ತಾರೆ.

ಮುಂದಿನ ಭಾನುವಾರ ಮುಖ್ಯಾಧಿಕಾರಿ ತಾನೇ ಗಸ್ತಿನ ಬೋಟು ಹತ್ತಿದ. ಹೊಸ ಪದ್ಧತಿ ಹೇಗೆ ನಡೆಯುತ್ತದೆ ನೋಡಬೇಕಂತೆ. ಬೋಟಿನಲ್ಲಿದ್ದವರು ಮೂವರೇ: ಅವನು, ಸಾಹೇಬರು, ಬೋಟ್ ಡ್ರೈವರ್. ಬೆಳಗಿನ ಹತ್ತು ಗಂಟೆ, ಆಕಾಶ ತಿಳಿ, ಸಣ್ಣ ಅಲೆ. ಮೊದಲ ದೋಣಿಯಲ್ಲಿ ಇಬ್ಬರು ಗೆಳೆಯರು ಬೆಚ್ಚಿಬಿದ್ದು ಸಿಕ್ಕಿಹಾಕಿಕೊಂಡರು. ಮಿತಿಗಿಂತ ಎರಡು ಮೀನು ಹೆಚ್ಚಿತ್ತು. ಮುಖ್ಯಾಧಿಕಾರಿ ಸಾಹೇಬರ ಕಡೆ ತಿರುಗಿ ನಕ್ಕ.

ಎರಡನೆಯದು ಚಿಕ್ಕ ನೀಲಿ ದೋಣಿ. ಅದರಲ್ಲಿದ್ದವರು ಗಡಿಯಾರ ರಿಪೇರಿ ಅಂಗಡಿಯ ಯಜಮಾನರು, ಒಬ್ಬರೇ. ದೂರದಿಂದಲೇ ಅವರ ಬೆನ್ನಿನ ಬಾಗು ನೋಡಿ ಸಾಹೇಬರಿಗೆ ಗುರುತು ಹತ್ತಿತು. ನಲವತ್ತು ವರ್ಷ ಅಂಗಡಿಯ ಗಾಜಿನ ಹಿಂದೆ ಬಗ್ಗಿ ಕೂತ ಬೆನ್ನು ಅದು. ಯಜಮಾನರದ್ದು ವಿಪರೀತ ವಿನಯ. ಅಂಗಡಿಗೆ ಐದು ವರ್ಷದ ಕೂಸು ಬಂದರೂ ಎದ್ದು ನಿಂತು "ಏನು ಬೇಕು ಮಗು?" ಎನ್ನುವವರು. ಇಷ್ಟು ವರ್ಷದಲ್ಲಿ ಸಾಹೇಬರು ಆ ದೋಣಿಯನ್ನು ಮೂವತ್ತು ಸಲವಾದರೂ ತಪಾಸಣೆ ಮಾಡಿದ್ದಾರು. ಪ್ರತಿ ಸಲವೂ ಯಜಮಾನರು ಅರ್ಧ ಎದ್ದಿರುತ್ತಿದ್ದರು. ಕೂಗು ಕಿವಿಗೆ ಬಿದ್ದ ಕೂಡಲೇ ನಾಚಿಕೊಂಡು ಮತ್ತೆ ಕೂರುತ್ತಿದ್ದರು. ಈ ಮನುಷ್ಯ ಏಳುತ್ತಾರೆ ಎನ್ನುವುದು ಸಾಹೇಬರಿಗೆ ತಮ್ಮ ಅಂಗೈ ರೇಖೆಯಷ್ಟು ಚೆನ್ನಾಗಿ ಗೊತ್ತಿತ್ತು.

ಐವತ್ತು ಮಾರು ದೂರ ಇತ್ತು. ಸಾಹೇಬರ ಕೈಗಳು ತಾವಾಗಿ ಬಾಯಿಯ ಹತ್ತಿರ ಹೋದವು. ಮುಖ್ಯಾಧಿಕಾರಿ ಅವರನ್ನು ನೋಡಿದ. ಮಾತಾಡಲಿಲ್ಲ, ಬೆರಳೆತ್ತಲಿಲ್ಲ, ಸುಮ್ಮನೆ ನೋಡಿದ. ಸಾಹೇಬರು ಕೈ ಇಳಿಸಿದರು. ಬೋಟು ವೇಗದಲ್ಲೇ ಹೋಗುತ್ತಿತ್ತು. ನಲವತ್ತು ಮಾರಾಯಿತು, ಮೂವತ್ತಾಯಿತು.

ಯಜಮಾನರು ಗಾಳದ ಕೋಲನ್ನು ಪಕ್ಕಕ್ಕಿಟ್ಟು ತಿರುಗಿ ನೋಡಿದರು. ಟೋಪಿ ತೆಗೆದರು. ಎದ್ದು ನಿಂತರು. ಒಂದು ಕೈಯಲ್ಲಿ ಟೋಪಿ, ಇನ್ನೊಂದರಲ್ಲಿ ಪ್ಲಾಸ್ಟಿಕ್ ಚೀಲದೊಳಗಿನ ಪರವಾನಗಿ. ಹಿಡಿದುಕೊಳ್ಳಲು ಕೈಯೇ ಉಳಿದಿರಲಿಲ್ಲ. ಲೈಫ್ ಜಾಕೆಟ್ಟನ್ನು ಮೆತ್ತಗಿರಲೆಂದು ಹಲಗೆಯ ಮೇಲೆ ಹಾಕಿಕೊಂಡು ಕೂತಿದ್ದರು, ಅದು ಅಲ್ಲೇ ಇತ್ತು. ಡ್ರೈವರ್ ವೇಗ ತಗ್ಗಿಸಿದ, ಆದರೆ ಬೋಟು ಎಬ್ಬಿಸಿದ ಅಲೆ ನಿಲ್ಲಲಿಲ್ಲ. ಅದು ನೀಲಿ ದೋಣಿಯನ್ನು ಒಂದು ಬದಿಯಿಂದ ಎತ್ತಿತು. ಯಜಮಾನರು ಬಿದ್ದಾಗ ಹಣೆ ದೋಣಿಯ ಅಂಚಿಗೆ ಬಡಿಯಿತು. ಆಮೇಲೆ ನೀರಿನ ಮೇಲೆ ಟೋಪಿ ಮಾತ್ರ ಕಂಡಿತು.

ಸಾಹೇಬರು ಬೂಟಿನ ಸಮೇತ ಹಾರಿದರು. ಐವತ್ತೊಂಬತ್ತರ ಮೈ, ಎರಡು ಸಲ ಮುಳುಗಿ ಬರಿಗೈಯಲ್ಲಿ ಮೇಲೆ ಬಂದರು, ಮೂರನೆಯ ಸಲ ಅಂಗಿಯ ಕಾಲರು ಸಿಕ್ಕಿತು. ಬೋಟಿನ ನೆಲದ ಮೇಲೆ ಮಲಗಿಸಿ ಎದೆ ಒತ್ತಿದರು, ದಡ ಬರುವವರೆಗೂ ಒತ್ತಿದರು. ದಡದಲ್ಲಿ ಕಾದಿದ್ದ ಡಾಕ್ಟರು ಅವರ ಕೈ ಹಿಡಿದು "ಸಾಕು ಬಿಡಿ" ಎನ್ನಬೇಕಾಯಿತು.

ಮಧ್ಯಾಹ್ನ ಎರಡು ಗಂಟೆಗೆ ವರದಿ ಸಿದ್ಧವಾಗಿತ್ತು. ಮುಖ್ಯಾಧಿಕಾರಿಯೇ ಟೈಪ್ ಮಾಡಿದ್ದ. "ತಪಾಸಣಾ ಬೋಟಿನಿಂದ ಎಂದಿನಂತೆ ಕುಳಿತಿರುವಂತೆ ಸೂಚನೆ ನೀಡಲಾಗಿತ್ತು. ಮೃತರು ಸೂಚನೆಯನ್ನು ಲೆಕ್ಕಿಸದೆ ಎದ್ದು ನಿಂತ ಕಾರಣ ಆಯತಪ್ಪಿ ಬಿದ್ದರು." ಸಾಹೇಬರ ತಲೆಗೂದಲು ಇನ್ನೂ ಒದ್ದೆಯಿತ್ತು. ಕಾಗದದ ಮೇಲೆ ಎರಡು ಹನಿ ಬಿದ್ದಾಗ ಮುಖ್ಯಾಧಿಕಾರಿ ಕರವಸ್ತ್ರ ಕೊಟ್ಟ. ಡ್ರೈವರ್ ಆಗಲೇ ಸಹಿ ಹಾಕಿಯಾಗಿತ್ತು. "ಬೀಸೋ ದೊಣ್ಣೆ ತಪ್ಪಿದ್ರೆ ಸಾವಿರ ವರ್ಷ ಆಯಸ್ಸು ಸಾಹೇಬ್ರೇ, ಹಾಕಿಬಿಡಿ" ಎಂದು ಕಿವಿಯಲ್ಲಿ ಹೇಳಿದ. ಸಾಹೇಬರು ಹಾಕಿದರು.

ಯಾರೂ ಒಂದು ಪ್ರಶ್ನೆ ಕೇಳಲಿಲ್ಲ. ಕೂತ್ಕೊಳ್ಳಿ ಸಾಹೇಬರು ಕೂತ್ಕೊಳ್ಳಿ ಎನ್ನಲಿಲ್ಲ ಎಂದು ಯಾರಿಗಾದರೂ ಅನುಮಾನ ಬರುವುದುಂಟೆ? ಇಪ್ಪತ್ತಾರು ವರ್ಷದ ಒಳ್ಳೆಯತನ ಆ ಸುಳ್ಳಿಗೆ ಜಾಮೀನು ನಿಂತಿತು. ದೋಣಿಕಟ್ಟೆಯ ಜನ ಅವರನ್ನೇ ಸಮಾಧಾನ ಮಾಡಿದರು. "ನೀವು ಗಂಟಲು ಹರಿದುಕೊಂಡಿರ್ತೀರಿ, ಆಯಸ್ಸು ಮುಗಿದಿತ್ತು, ಏನು ಮಾಡೋಕಾಗುತ್ತೆ" ಎಂದರು. ಸಾಹೇಬರು ತಲೆಯಾಡಿಸಿದರು. ಒಂದು ಸಲ ತಲೆಯಾಡಿಸಿದ ಮೇಲೆ ಎರಡನೆಯ ಸಲ ಕತ್ತು ತಾನಾಗಿ ಆಡುತ್ತದೆ.

ಎರಡು ವಾರ ಬಿಟ್ಟು ಯಜಮಾನರ ಮನೆಗೆ ಹೋದರು. ಕೆಳಗೆ ಅಂಗಡಿ, ಮೇಲೆ ಮನೆ, ನಡುವೆ ಕಡಿದಾದ ಮರದ ಮೆಟ್ಟಿಲು. ಯಜಮಾನರ ಹೆಂಡತಿ ಮೇಜಿನ ಮೇಲೆ ಗಡಿಯಾರಗಳನ್ನು ಹರಡಿಕೊಂಡು, ಅವಕ್ಕೆ ಕಟ್ಟಿದ್ದ ಚೀಟಿ ಓದಿ ಯಾವುದು ಯಾರದ್ದೆಂದು ವಿಂಗಡಿಸುತ್ತಿದ್ದರು. ಅಳುತ್ತಿರಲಿಲ್ಲ. ಅವರ ಮುಖದಲ್ಲಿದ್ದದ್ದು ಸಿಟ್ಟು.

"ಮದುವೆಯಾಗಿ ನಲವತ್ತೆರಡು ವರ್ಷ," ಎಂದರು. "ಛತ್ರಿ ತಗೊಂಡು ಹೋಗಿ ಅಂದ್ರೆ ಕೇಳ್ತಿರಲಿಲ್ಲ. ಹೊಟ್ಟೆ ಸರಿ ಇಲ್ಲ, ಖಾರ ಬಿಡಿ ಅಂದ್ರೆ ಕೇಳ್ತಿರಲಿಲ್ಲ. ಕೊನೆಗೆ ನಿಮ್ಮ ಮಾತೂ ಕೇಳಲಿಲ್ಲ ನೋಡಿ."

ಆಕೆ ಇನ್ನೊಂದು ಗಡಿಯಾರದ ಚೀಟಿ ಓದಿ ಅದನ್ನು ಪಕ್ಕಕ್ಕಿಟ್ಟರು.

"ಕೇಳಿಸಿರಲಿಕ್ಕಿಲ್ಲ ಬಿಡಿ ಅಂತ ಎಲ್ಲರೂ ಸಮಾಧಾನ ಹೇಳ್ತಾರೆ. ಆ ಕಿವಿಗೆ ಕೇಳಿಸಲ್ವಾ? ಗಡಿಯಾರನ ಕಿವಿ ಹತ್ರ ಹಿಡಿದು, ಬಡಿತ ಕೇಳಿ, ಒಳಗೆ ಯಾವ ಚಕ್ರದ ಹಲ್ಲು ಸವೆದಿದೆ ಅಂತ ಹೇಳ್ತಿದ್ದ ಮನುಷ್ಯ. ಚೆನ್ನಾಗಿ ಕೇಳಿಸಿರುತ್ತೆ. ನನಗೆ ಹೇಳೋಕೆ ಇವನ್ಯಾರು ಅಂತ ಎದ್ದು ನಿಂತಿರ್ತಾರೆ. ಹಟಮಾರಿ. ನನ್ನನ್ನ ಹೀಗೆ ನಡುನೀರಲ್ಲಿ ಬಿಟ್ಟು ಹೋದ್ರು."

ಹೇಳಬೇಕಾಗಿದ್ದದ್ದು ಮೂರು ಪದ: ನಾನು ಕೂಗಲಿಲ್ಲ ಅಮ್ಮ. ಸಾಹೇಬರು ಆಕೆ ಕೊಟ್ಟ ಚಹಾ ಕುಡಿದು, ಲೋಟ ಕೆಳಗಿಟ್ಟು, ಬರುತ್ತೇನೆ ಎಂದು ಎದ್ದರು.

ಆಮೇಲೆ ಅವರು ಮತ್ತೆ ಕೂಗತೊಡಗಿದರು. ಮುಖ್ಯಾಧಿಕಾರಿ ಈಗ ತಡೆಯುತ್ತಿರಲಿಲ್ಲ. ಬದಲಿಗೆ "ತಪಾಸಣೆ ವೇಳೆ ಕುಳಿತಿರಿ" ಎಂಬ ದೊಡ್ಡ ಫಲಕವನ್ನು ದೋಣಿಕಟ್ಟೆಯಲ್ಲಿ ಹಾಕಿಸಿದ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಸಾಹೇಬರಿಗೆ ತಮ್ಮ ದನಿಯೇ ಅಸಹ್ಯವಾಗತೊಡಗಿತು.

ಆರು ತಿಂಗಳು ಹೀಗೇ ಕಳೆದಿರಬೇಕು. ಒಂದು ಸಂಜೆ ಹೆಂಡತಿ ತರಕಾರಿ ಹೆಚ್ಚುತ್ತ ಹೇಳಿದರು: "ಇವತ್ತು ಮಾರ್ಕೆಟ್ಟಲ್ಲಿ ಗಡಿಯಾರದ ಅಂಗಡಿ ಅಮ್ಮ ಸಿಕ್ಕಿದ್ರು. ಯಜಮಾನರ ಫೋಟೋನ ಗೋಡೆಯಿಂದ ತೆಗೆದಿಟ್ಟಿದ್ದಾರಂತೆ ರೀ. ಮುಖ ನೋಡಿದ್ರೆ ಸಿಟ್ಟು ನೆತ್ತಿಗೇರುತ್ತಂತೆ. ಗಂಡ ಸತ್ತಿದ್ದಕ್ಕೆ ಅಳೋರನ್ನ ಕಂಡಿದ್ದೀನಿ, ಹೀಗೆ ಸಿಟ್ಟು ಸಾಧಿಸೋರನ್ನ ಕಂಡಿಲ್ಲ."

ಸಾಹೇಬರು ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ಹೇಳಿಬಿಟ್ಟರು. ಹೆಂಡತಿಯ ಚಾಕು ನಿಂತಿತು.

"ಅಯ್ಯೋ. ಇಷ್ಟು ದಿನ ಹೊಟ್ಟೇಲಿಟ್ಕೊಂಡು ತಿರುಗಿದ್ರಾ?"

"ನಾಳೆ ಬರೆದುಕೊಡ್ತೀನಿ. ನಾನು ಸೂಚನೆ ಕೊಟ್ಟಿರಲಿಲ್ಲ ಅಂತ."

"ಬರೆದ್ರೆ ಸತ್ತವರು ಎದ್ದು ಬರ್ತಾರಾ?"

"ಇಲ್ಲ. ಆದ್ರೆ ಸತ್ತವರ ಮೇಲೆ ನಾನು ಹೊರಿಸಿರೋ ಹೊರೆ ಇಳಿಯುತ್ತೆ."

"ನಿಮ್ಮ ತಲೆ ಮೇಲೆ ಬೀಳುತ್ತೆ. ಹೇಳಿಸಿದವನು ಜಾರಿಕೊಳ್ತಾನೆ, ನೋಡ್ತಾ ಇರಿ," ಎಂದರು ಹೆಂಡತಿ. ಮತ್ತೆ ತರಕಾರಿ ಹೆಚ್ಚುತ್ತ, "ಬರೀರಿ" ಎಂದರು.

ಹೆಂಡತಿಯ ಮಾತು ಅಕ್ಷರಶಃ ನಿಜವಾಯಿತು. ಹೆಡ್ ಕ್ಲಾರ್ಕ್ ಆ ಕಾಗದ ಓದಿ, ಸಾಹೇಬರ ಹಣೆ ಮುಟ್ಟಿ ಜ್ವರ ನೋಡಿದ. ವಿಚಾರಣೆ ನಡೆಯಿತು. ಮುಖ್ಯಾಧಿಕಾರಿ ಬಹಳ ವಿನಯದಿಂದ ಮಾತಾಡಿದ. "ಅನಗತ್ಯ ಕೂಗಾಟ ಬೇಡ ಅಂದದ್ದು ನಿಜ. ಜೀವ ಉಳಿಸುವ ಸೂಚನೆ ಕೊಡಬೇಡಿ ಅಂತ ಯಾರಾದ್ರೂ ಹೇಳ್ತಾರಾ? ಇವರು ಅನುಭವಸ್ಥರು, ಯಾವುದು ಯಾವುದು ಅಂತ ಇವರಿಗೇ ಗೊತ್ತಿರಬೇಕಿತ್ತು." ಸುಳ್ಳು ವರದಿ ಟೈಪ್ ಮಾಡಿದ್ದು ಯಾಕೆ ಎಂದು ಕೇಳಿದಾಗ, ಇನ್ಸ್‌ಪೆಕ್ಟರು ಹೇಳಿದ್ದನ್ನು ನಂಬಿ ಟೈಪ್ ಮಾಡಿದೆ ಎಂದ. ಡ್ರೈವರ್‌ಗೆ ಎಂಜಿನ್ ಸದ್ದಿನಲ್ಲಿ ಏನೂ ಕೇಳಿಸಿರಲಿಲ್ಲವಂತೆ. ಸಾಹೇಬರಿಗೆ ಎಲ್ಲಕ್ಕಿಂತ ಹೆಚ್ಚು ಉರಿದದ್ದು ಮುಖ್ಯಾಧಿಕಾರಿಯ ಮಾತಿನಲ್ಲಿ ಅರ್ಧ ಸತ್ಯ ಇದ್ದದ್ದಕ್ಕೆ. ಗೊತ್ತಿರಬೇಕಿತ್ತು, ಹೌದು. ಗೊತ್ತಿತ್ತು.

ಆದೇಶ ಬರಲು ಎರಡು ತಿಂಗಳು ಹಿಡಿಯಿತು. ಸೂಚನೆ ನೀಡುವಲ್ಲಿ ಇನ್ಸ್‌ಪೆಕ್ಟರರ ಲೋಪ, ಮೃತರ ತಪ್ಪೇನೂ ಇಲ್ಲ. ದರ್ಜೆ ಇಳಿಕೆ, ಸಮುದ್ರದ ಕೆಲಸದಿಂದ ತೆರವು, ಉಳಿದ ದಿನಗಳಿಗೆ ದಾಸ್ತಾನು ಕೋಣೆ. ಮುಖ್ಯಾಧಿಕಾರಿಗೆ ಬಡ್ತಿಯ ಮೇಲೆ ವರ್ಗ. ದೋಣಿಕಟ್ಟೆಯಲ್ಲಿ ಸಾಹೇಬರನ್ನು ಕರೆದು ಚಹಾ ಕೊಡುತ್ತಿದ್ದವರು ಈಗ ಬೆನ್ನು ತಿರುಗಿಸಿ ಹಗ್ಗ ಸುತ್ತತೊಡಗಿದರು. ಸಾಹೇಬರು ಸುಳ್ಳು ಹೇಳಿದರು ಎನ್ನುವುದಕ್ಕಿಂತ, ಅದನ್ನು ನಂಬಿ ಮರುಗಿದೆವಲ್ಲ ಎಂಬ ಸಂಕಟ ಜನಕ್ಕೆ ದೊಡ್ಡದು.

ಆದೇಶದ ಒಂದು ಪ್ರತಿಯನ್ನು ಹಿಡಿದು ಸಾಹೇಬರು ಯಜಮಾನರ ಮನೆಯ ಮೆಟ್ಟಿಲು ಹತ್ತಿದರು. ಅಂಚೆಯಲ್ಲಿ ಕಳಿಸಬಹುದಿತ್ತು. ತಾವೇ ಕೊಡಬೇಕು ಅನ್ನಿಸಿತ್ತು. ಒಳಗೊಳಗೆ ಒಂದು ಆಸೆಯೂ ಇತ್ತು, ಸುಳ್ಳೇಕೆ ಹೇಳಬೇಕು. ಇಷ್ಟೆಲ್ಲ ಕಳೆದುಕೊಂಡು ಬಂದವನಿಗೆ ಆಕೆ ಒಂದು ಒಳ್ಳೆಯ ಮಾತು ಹೇಳಬಹುದು ಎಂಬ ಆಸೆ.

ಆಕೆ ಕನ್ನಡಕ ಹಾಕಿಕೊಂಡು ಬಾಗಿಲಲ್ಲೇ ನಿಂತು ಓದಿದರು. ಎರಡನೆಯ ಸಲ ಮೊದಲಿನಿಂದ ಓದಿದರು.

"ಹಾಗಾದ್ರೆ ಅವರು ಮಾತು ಕೇಳದೆ ಇದ್ದದ್ದಲ್ಲ."

"ಅಲ್ಲಮ್ಮ. ನಾನು ಹೇಳದೆ ಇದ್ದದ್ದು."

"ನೀವು ಅವತ್ತು ಇಲ್ಲಿ ಬಂದು ಕೂತಿದ್ರಿ. ನಾನು ಅವರನ್ನ ಹಟಮಾರಿ ಅಂದೆ. ನಿಮ್ಮ ಎದುರಿಗೇ ಅಂದೆ."

"ತಪ್ಪಾಯ್ತಮ್ಮ. ಅವತ್ತೇ ಹೇಳಬೇಕಿತ್ತು."

ಆಕೆ ಕಾಗದವನ್ನು ನಾಲ್ಕಾಗಿ ಮಡಚಿದರು.

"ಅವರು ನೀರಿಗೆ ಬಿದ್ದದ್ದು ಒಂದು ಗಳಿಗೆ. ನಿಮ್ಮ ಬಾಯಿ ಕಟ್ಟಿತ್ತು, ಹೆದರಿದ್ರಿ, ಅದನ್ನ ಹೇಗೋ ಹೊಟ್ಟೆಗೆ ಹಾಕೊಳ್ಳಬಹುದು. ಆಮೇಲೆ ಎಂಟು ತಿಂಗಳು ದಿನಾ ಬೆಳಿಗ್ಗೆ ಎದ್ದು ಅವರನ್ನ ಬೈದೆನಲ್ಲ. ಬಾಯಿಗೆ ಬಂದ ಹಾಗೆ ಬೈದೆ. ತಿರುಗಿ ಒಂದು ಮಾತಾಡೋಕೆ ಆಗದೆ ಇರೋ ಮನುಷ್ಯನ್ನ. ಗೊತ್ತಿದ್ದೂ ಬೈಸಿದ್ರಿ. ಅದನ್ನ ನಾನೀಗ ಯಾರ ಹತ್ರ ಹೋಗಿ ವಾಪಸ್ ತಗೊಳ್ಳಲಿ, ಹೇಳಿ?"

ಆಕೆ ಸ್ವಲ್ಪ ಹೊತ್ತು ಕಾದರು. ನಿಜವಾಗಿಯೂ ಉತ್ತರಕ್ಕಾಗಿಯೇ ಕಾದರು. ಆಮೇಲೆ ಬಾಗಿಲು ಹಾಕಿಕೊಂಡರು.